ಬೇರೆ ಮನೆ ಸೇರಿದ ಪಾರ್ಸೆಲ್: ಹಣ ಯಾರದು, ಹೊಣೆ ಯಾರದು?

ನೀವು ಮೊಬೈಲಿನಲ್ಲಿ ಒಂದು ವಸ್ತುವಿಗೆ ಆರ್ಡರ್ ಕೊಟ್ಟಿದ್ದೀರಿ. ಹಣವನ್ನು ಮೊದಲೇ ಪಾವತಿಸಿದ್ದೀರಿ. ಒಂದು ಮಧ್ಯಾಹ್ನ ನಿಮ್ಮ ಪಾರ್ಸೆಲನ್ನು ತಲುಪಿಸಲಾಗಿದೆ ಎಂಬ ಮೆಸೇಜ್ ಬರುತ್ತದೆ. ಬಾಗಿಲು ತೆರೆದು ನೋಡಿದರೆ ಅಲ್ಲೇನೂ ಇಲ್ಲ. ಮನೆಯವರನ್ನು ಕೇಳಿದರೆ ಯಾರೂ ಬಂದಿಲ್ಲ ಎನ್ನುತ್ತಾರೆ. ಕಂಪೆನಿಯ ದಾಖಲೆಯ ಪ್ರಕಾರ ವಸ್ತು ನಿಮ್ಮ ಕೈ ಸೇರಿದೆ. ನಿಜವಾಗಿ ಅದು ಇನ್ನಾರದೋ ಮನೆಯ ಮೇಜಿನ ಮೇಲಿದೆ.

ಇದು ಇಂದು ಅಪರೂಪದ ಸಂಗತಿಯೇನಲ್ಲ. ನಮ್ಮ ಮೊಹಲ್ಲಾಗಳಲ್ಲಂತೂ ಇದಕ್ಕೆ ಬೇಕಾದ ಕಾರಣಗಳೆಲ್ಲ ಇವೆ. ಒಂದೇ ಓಣಿಯಲ್ಲಿ ಮೂವರು ಮುಹಮ್ಮದ್ ಶರೀಫರಿರುತ್ತಾರೆ. ಒಂದೇ ಊರಿನಲ್ಲಿ ಎರಡು ಫಾತಿಮಾ ಮಂಝಿಲ್‌ಗಳಿರುತ್ತವೆ. ವಿಳಾಸ ಎಂದರೆ ‘ಮಸೀದಿಯ ಹತ್ತಿರ’ ಎಂಬ ಎರಡು ಪದಗಳು. 1972ರಲ್ಲಿ ಅಂಚೆ ಇಲಾಖೆ ಜಾರಿಗೆ ತಂದ ಆರಂಕಿಯ ಪಿನ್‌ಕೋಡ್ ಪಾರ್ಸೆಲನ್ನು ನಮ್ಮ ಅಂಚೆ ಕಚೇರಿಯ ವ್ಯಾಪ್ತಿಯ ತನಕ ತಂದೀತೇ ಹೊರತು ಮನೆ ಬಾಗಿಲಿನ ತನಕ ಅಲ್ಲ. ಹಿಂದಿನ ಅಂಚೆಯಣ್ಣನಿಗೆ ಯಾರ ಮಗ ಕೊಲ್ಲಿಯ ಯಾವ ದೇಶದಲ್ಲಿದ್ದಾನೆ ಎಂಬುದೂ ಗೊತ್ತಿರುತ್ತಿತ್ತು. ಇಂದು ದೊಡ್ಡ ಚೀಲ ಹೊತ್ತು ಬೈಕಿನಲ್ಲಿ ಬರುವ ಹುಡುಗನಿಗೆ ಕೆಲವೊಮ್ಮೆ ನಮ್ಮ ಊರೇ ಹೊಸತು.

ಇಂತಹ ಸಂದರ್ಭದಲ್ಲಿ ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆ, ಕೊಟ್ಟ ಹಣವನ್ನು ಮರಳಿ ಪಡೆಯುವುದು ಹೇಗೆ ಎಂಬುದು. ಅದು ಅಗತ್ಯದ ಪ್ರಶ್ನೆಯೇ. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಹಣ ಮರಳಿ ಬಂದ ಮಾತ್ರಕ್ಕೆ ಅದು ನಮ್ಮದಾಗುತ್ತದೆಯೇ? ಓದುಗರೇ, ಈ ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಸ್ವಲ್ಪ ಯೋಚಿಸೋಣ.

ಹಕ್ಕು ಕೇಳುವುದು ಆಸೆಬುರುಕತನವಲ್ಲ

ನಮ್ಮಲ್ಲಿ ಕೆಲವು ಒಳ್ಳೆಯ ಜನರು ಇಂತಹ ನಷ್ಟವಾದಾಗ ಸಬ್ರ್ ಎಂದು ಸುಮ್ಮನಾಗುತ್ತಾರೆ. ಜಗಳ ಬೇಡ, ಹೋದದ್ದು ಹೋಯಿತು ಎನ್ನುತ್ತಾರೆ. ಇದು ಮೇಲ್ನೋಟಕ್ಕೆ ಸದ್ಗುಣದಂತೆ ಕಾಣುತ್ತದೆ. ಆದರೆ ನಮ್ಮ ಕೈಮೀರಿದ ವಿಷಯದಲ್ಲಿ ತೋರಬೇಕಾದ ಸಹನೆಯನ್ನು, ಕೇಳಿದರೆ ಸಿಗುವ ಹಕ್ಕಿನ ವಿಷಯದಲ್ಲಿ ತೋರಬೇಕೆಂದು ಧರ್ಮ ನಮಗೆ ಕಡ್ಡಾಯ ಮಾಡಿಲ್ಲ. ಉಳ್ಳವನು ಬಿಟ್ಟುಕೊಟ್ಟರೆ ಅದು ಔದಾರ್ಯ. ಆದರೆ ತಿಂಗಳ ಸಂಬಳವನ್ನು ಎಣಿಸಿ ಖರ್ಚು ಮಾಡುವ ಮನೆಯೊಡತಿ ತನ್ನ ಎರಡು ಸಾವಿರ ರೂಪಾಯಿಯನ್ನು ಕೇಳಿದರೆ ಅದನ್ನು ಆಸೆಬುರುಕತನ ಎನ್ನಲಾಗದು.

ಫಿಕ್ಹ್ ಗ್ರಂಥಗಳ ವ್ಯಾಪಾರದ ಅಧ್ಯಾಯದಲ್ಲಿ ‘ಕಬ್ಝ್’ ಎಂಬ ಮಾತಿಗೆ ಬಹಳ ಮಹತ್ವವಿದೆ. ಕಬ್ಝ್ ಎಂದರೆ ವಸ್ತುವು ಕೊಂಡವನ ವಶಕ್ಕೆ ಬರುವುದು. ಕರಾವಳಿಯ ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲೂ, ಘಟ್ಟದ ಮೇಲಿನ ಹೆಚ್ಚಿನವರು ಅನುಸರಿಸುವ ಹನಫೀ ಮದ್‌ಹಬ್‌ನಲ್ಲೂ, ಕೊಂಡವನ ವಶಕ್ಕೆ ಬರುವ ಮೊದಲೇ ವಸ್ತು ನಾಶವಾಗಿ ಹೋದರೆ ಆ ನಷ್ಟ ಮಾರಿದವನದು, ಪಡೆದ ಬೆಲೆಯನ್ನು ಅವನು ಹಿಂದಿರುಗಿಸಬೇಕು. ಕತ್ತೆಯ ಮೇಲೆ ಧಾನ್ಯ ಸಾಗಿಸುತ್ತಿದ್ದ ಕಾಲದಲ್ಲಿ ಬರೆದ ಈ ಮಾತಿನ ಹಿಂದಿರುವ ನ್ಯಾಯ ಇಂದಿನ ವ್ಯಾಪಾರಕ್ಕೂ ಒಪ್ಪುತ್ತದೆ. ವಸ್ತು ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯುವ ದಾರಿ ಇರುವುದು ಕಳುಹಿಸಿದವನಿಗೇ ಹೊರತು ಕಾದು ಕುಳಿತವನಿಗಲ್ಲ.

ದೇಶದ ಕಾನೂನು ಸಹ ಇದೇ ದಿಕ್ಕಿನಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರಲ್ಲಿ ಆನ್‌ಲೈನ್ ವ್ಯಾಪಾರಕ್ಕೆಂದೇ ನಿಯಮಗಳು ಬಂದವು. ಪ್ರತಿ ಕಂಪೆನಿಯೂ ಒಬ್ಬ ದೂರು ಪರಿಹಾರ ಅಧಿಕಾರಿಯನ್ನು ನೇಮಿಸಿರಬೇಕು. ದೂರು ತಲುಪಿದೆ ಎಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಹೇಳಿದ ಅವಧಿಗಿಂತ ತಡವಾಗಿ ವಸ್ತು ತಲುಪಿದರೂ, ಪ್ರಕೃತಿ ವಿಕೋಪದಂತಹ ಕಾರಣವಿಲ್ಲದಿದ್ದರೆ, ಹಣ ಮರಳಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲ. ತಡವಾಗಿ ಬಂದದ್ದರ ವಿಷಯದಲ್ಲೇ ಹೀಗಿರುವಾಗ ಬಾರದೇ ಹೋದದ್ದರ ವಿಷಯ ಹೇಳಬೇಕೇ? ಕಂಪೆನಿ ಕಿವಿಗೊಡದಿದ್ದರೆ 1915 ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ನೀಡಬಹುದು. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪೆನಿಯ ಕಚೇರಿ ಯಾವ ಮಹಾನಗರದಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಅದಕ್ಕೆ ಎರಡು ವರ್ಷಗಳ ಅವಧಿಯಿದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಂಪೆನಿಯ ಕಸ್ಟಮರ್ ಕೇರ್ ಸಂಖ್ಯೆಯನ್ನು ಕಂಪೆನಿಯ ಆ್ಯಪ್‌ನಲ್ಲೇ ನೋಡಬೇಕು. ಬೇರೆಡೆ ಹುಡುಕಿ ಸಿಕ್ಕಿದ ಸಂಖ್ಯೆಗೆ ಕರೆ ಮಾಡಿ ಇದ್ದ ಹಣವನ್ನೂ ಕಳೆದುಕೊಂಡವರಿದ್ದಾರೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು. ಮೋಸ ಹೋದುದು ತಿಳಿದ ಕೂಡಲೇ 1930 ಸಂಖ್ಯೆಗೆ ತಿಳಿಸಬೇಕು.

‘ನನಗೆ ಸಿಕ್ಕಿಲ್ಲ’ ಎಂಬ ಮಾತಿನ ಭಾರ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಹಣ ಮರಳಿ ಪಡೆಯಲು ನೀವು ಮೊಬೈಲಿನಲ್ಲಿ ‘ನನಗೆ ಸಿಕ್ಕಿಲ್ಲ’ ಎಂಬಲ್ಲಿ ಒತ್ತುತ್ತೀರಿ. ಬೆರಳಿನ ಆ ಒಂದು ಸ್ಪರ್ಶಕ್ಕೆ ಧರ್ಮದ ದೃಷ್ಟಿಯಲ್ಲಿ ಏನು ಬೆಲೆ?

ನ್ಯಾಯ ತೀರ್ಮಾನದ ಒಂದು ಮೂಲ ನಿಯಮವನ್ನು ಮದ್ರಸದ ವಿದ್ಯಾರ್ಥಿಗಳೆಲ್ಲರೂ ಬಾಯಿಪಾಠ ಮಾಡಿರುತ್ತಾರೆ. ವಾದಿಸುವವನು ಪುರಾವೆ ತರಬೇಕು, ನಿರಾಕರಿಸುವವನು ಪ್ರಮಾಣ ಮಾಡಬೇಕು ಎಂಬುದೇ ಆ ನಿಯಮ. ಕಂಪೆನಿಯವರು ತಲುಪಿಸಿದ್ದೇವೆ ಎನ್ನುತ್ತಾರೆ, ನೀವು ಇಲ್ಲ ಎನ್ನುತ್ತೀರಿ. ಅಂದರೆ ನೀವು ಪ್ರಮಾಣದ ಸ್ಥಾನದಲ್ಲಿ ನಿಂತಿದ್ದೀರಿ. ಕೈಯಲ್ಲಿ ಮುಸ್‌ಹಫ್ ಇಲ್ಲ, ಎದುರಿಗೆ ಖಾಝಿಯವರಿಲ್ಲ, ಸಾಕ್ಷಿಗಳೂ ಇಲ್ಲ ಎಂಬ ಕಾರಣಕ್ಕೆ ಆ ಮಾತು ಹಗುರವಾಗುವುದಿಲ್ಲ. ಯಾರೂ ನೋಡದ ಜಾಗದಲ್ಲಿ ಆಡಿದ ಮಾತಾದುದರಿಂದಲೇ ಅದು ಹೆಚ್ಚು ಭಾರವಾಗುತ್ತದೆ.

ಪ್ರವಾದಿವರ್ಯರು(ಸ) ಒಮ್ಮೆ ತಮ್ಮ ಬಳಿ ವ್ಯಾಜ್ಯ ತಂದವರಿಗೆ ನೀಡಿದ ಎಚ್ಚರಿಕೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಉಮ್ಮು ಸಲಮಾ(ರ)ರಿಂದ ವರದಿಯಾಗಿದೆ. ತಾವೂ ಒಬ್ಬ ಮನುಷ್ಯರೆಂದೂ, ಇಬ್ಬರಲ್ಲಿ ಒಬ್ಬನು ಮಾತಿನಲ್ಲಿ ಹೆಚ್ಚು ಚತುರನಾಗಿರಬಹುದೆಂದೂ, ಕೇಳಿದ್ದರ ಆಧಾರದಲ್ಲಿ ತಾವು ತೀರ್ಪು ನೀಡುವುದಾಗಿಯೂ ಅವರು ತಿಳಿಸಿದರು. ಹಾಗೆ ಇನ್ನೊಬ್ಬ ಸಹೋದರನ ಹಕ್ಕು ತೀರ್ಪಿನ ಮೂಲಕ ಯಾರಿಗಾದರೂ ಸಂದರೆ ಅವನು ಅದನ್ನು ಮುಟ್ಟಬಾರದು, ಅವನಿಗೆ ಸಿಕ್ಕಿರುವುದು ನರಕಾಗ್ನಿಯ ಒಂದು ತುಂಡು ಎಂದು ಎಚ್ಚರಿಸಿದರು.

ಈ ಹದೀಸಿನ ಆಳವನ್ನು ಗಮನಿಸಿರಿ. ಸ್ವತಃ ಅಲ್ಲಾಹನ ಸಂದೇಶವಾಹಕರ ತೀರ್ಪು ಕೂಡ ಸುಳ್ಳುಗಾರನ ಪಾಲಿಗೆ ಹರಾಮನ್ನು ಹಲಾಲ್ ಮಾಡುವುದಿಲ್ಲ. ಹೀಗಿರುವಾಗ ಕಂಪೆನಿಯ ಕಂಪ್ಯೂಟರ್ ‘ನಿಮ್ಮ ಮನವಿಯನ್ನು ಒಪ್ಪಲಾಗಿದೆ’ ಎಂದು ಕಳುಹಿಸುವ ಮೆಸೇಜ್ ಹೇಗೆ ಮಾಡೀತು? ಅಲ್ ಬಕರಃ ಅಧ್ಯಾಯದಲ್ಲಿ, ಇತರರ ಸೊತ್ತನ್ನು ತಿಳಿದೂ ತಿಳಿದೂ ಕಬಳಿಸಲು ಅಧಿಕಾರಿಗಳ ಮುಂದೆ ವ್ಯವಹಾರ ಒಯ್ಯುವುದನ್ನು ವಿಶೇಷವಾಗಿ ನಿಷೇಧಿಸಿರುವುದು ಇದಕ್ಕಾಗಿಯೇ. ತೀರ್ಪು ಕೊಡುವವನು ಹೊರಗಿನದನ್ನು ನೋಡುತ್ತಾನೆ. ಒಳಗಿನದನ್ನು ಬಲ್ಲವರು ಇಬ್ಬರೇ, ನೀವು ಮತ್ತು ನಿಮ್ಮ ಒಡೆಯನು.

ವಸ್ತು ಕೈಸೇರಿದ ಮೇಲೂ ಸಿಕ್ಕಿಲ್ಲ ಎನ್ನುವವರು ಇದ್ದಾರೆ. ಅದನ್ನು ಜಾಣತನವೆಂದು ಗೆಳೆಯರ ಮುಂದೆ ಹೇಳಿಕೊಳ್ಳುವ ತರುಣರೂ ಇದ್ದಾರೆ. ಅವರ ಸಮರ್ಥನೆ ಒಂದೇ: ಅದು ಕೋಟಿ ಕೋಟಿಯ ಕಂಪೆನಿ, ಅದಕ್ಕೇನು ನಷ್ಟ? ಈ ಸಮರ್ಥನೆಗೆ ಹಿಜ್ರತ್‌ನ ರಾತ್ರಿಯಲ್ಲಿ ಉತ್ತರವಿದೆ. ಪ್ರವಾದಿವರ್ಯರನ್ನು(ಸ) ಕೊಲ್ಲಲು ಸಂಚು ಹೂಡಿದ ಮಕ್ಕಾದವರು ತಮ್ಮ ಬೆಲೆಬಾಳುವ ಸೊತ್ತುಗಳನ್ನು ಅವರ ಬಳಿಯಲ್ಲೇ ಇರಿಸಿದ್ದರು. ಊರು ಬಿಟ್ಟು ಹೊರಡುವ ಆ ಗಳಿಗೆಯಲ್ಲೂ ಅವೆಲ್ಲವನ್ನೂ ಅವರವರಿಗೆ ಒಪ್ಪಿಸಿ ಬರಲು ಹ. ಅಲೀ(ರ)ರನ್ನು ಹಿಂದೆ ಉಳಿಸಲಾಯಿತು. ಪ್ರಾಣ ತೆಗೆಯ ಬಂದವರ ಸೊತ್ತೂ ಅವರಿಗೆ ಮರಳಿತು. ಹಾಗಿರುವಾಗ ನಮ್ಮೊಂದಿಗೆ ಯಾವ ಹಗೆಯೂ ಇಲ್ಲದ ವ್ಯಾಪಾರಿಯ ಸೊತ್ತು ನಮಗೆ ಹೇಗೆ ಹಲಾಲ್ ಆದೀತು? ಮೇಲಾಗಿ ಆ್ಯಪ್‌ನ ಹೆಸರು ದೊಡ್ಡದಿರಬಹುದು, ಅದರೊಳಗೆ ಮಾರುವವನು ಹೆಂಡತಿ ಮಕ್ಕಳೊಂದಿಗೆ ರಾತ್ರಿ ಕುಳಿತು ಪೆಟ್ಟಿಗೆ ಕಟ್ಟುವ ಒಬ್ಬ ಸಣ್ಣ ವ್ಯಾಪಾರಿಯೂ ಆಗಿರಬಹುದು.

ಅಲ್ ಮುತಫ್ಫಿಫೀನ್ ಅಧ್ಯಾಯದ ಆರಂಭವನ್ನು ನಾವು ತಕ್ಕಡಿ ಹಿಡಿದ ಅಂಗಡಿಯವರಿಗೆಂದೇ ತಿಳಿದಿದ್ದೇವೆ. ಜನರಿಂದ ಪಡೆಯುವಾಗ ಪೂರ್ತಿ ಅಳೆದು ಪಡೆದು, ಕೊಡುವಾಗ ಕಡಿತ ಮಾಡುವವರಿಗೆ ಅಲ್ಲಿ ನಾಶದ ಎಚ್ಚರಿಕೆಯಿದೆ. ಒಂದು ದಿನ ತಡವಾದರೆ ಕಂಪೆನಿಯನ್ನು ತರಾಟೆಗೆ ತೆಗೆದುಕೊಂಡು, ಒಂದು ವಸ್ತು ಹೆಚ್ಚಿಗೆ ಬಂದರೆ ಬಾಯಿ ಮುಚ್ಚಿ ಕೂರುವ ಗ್ರಾಹಕನ ಕೈಯಲ್ಲೂ ಒಂದು ತಕ್ಕಡಿ ಇದೆ ಎಂಬುದನ್ನು ಮರೆಯಬಾರದು.

ಗಾಳಿಗೆ ಹಾರಿ ಬಂದ ಬಟ್ಟೆ

ಈಗ ಪಾರ್ಸೆಲ್ ಯಾರ ಮನೆ ಸೇರಿತೋ ಅವರ ಕಡೆ ನೋಡೋಣ. ನಿಮ್ಮ ಮನೆಗೇ ಇತರರ ಪಾರ್ಸೆಲ್ ಬಂದಿದೆ ಎಂದಿಟ್ಟುಕೊಳ್ಳಿ. ಹುಡುಗನು ಅವಸರದಲ್ಲಿ ಕೊಟ್ಟು ಹೋದ, ಮನೆಯ ಮಗು ತೆಗೆದುಕೊಂಡಿತು. ನೋಡಿದರೆ ಹೆಸರು ಬೇರೆ.

ದಾರಿಯಲ್ಲಿ ಬಿದ್ದು ಸಿಕ್ಕಿದ ವಸ್ತುವಿಗೆ ಫಿಕ್ಹ್‌ನಲ್ಲಿ ‘ಲುಕತಾ’ ಎನ್ನುತ್ತಾರೆ. ಅದರ ಬಗ್ಗೆ ವಿಚಾರಿಸಿದವರಿಗೆ, ಅದರ ಚೀಲ ಮತ್ತು ಕಟ್ಟಿದ ದಾರದ ಗುರುತನ್ನು ನೆನಪಿಟ್ಟು ಒಂದು ವರ್ಷ ಪ್ರಚುರಪಡಿಸಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದರು. ಆದರೆ ನಿಮ್ಮ ಕೈಯಲ್ಲಿರುವ ಪಾರ್ಸೆಲ್ ಲುಕತಾ ಅಲ್ಲ. ಲುಕತಾದ ಒಡೆಯನು ಯಾರೆಂದು ತಿಳಿದಿರುವುದಿಲ್ಲ. ಪಾರ್ಸೆಲಿನ ಮೇಲಾದರೋ ಒಡೆಯನ ಹೆಸರು, ವಿಳಾಸ ಎಲ್ಲವೂ ಅಚ್ಚಾಗಿದೆ.

ಇದಕ್ಕೆ ಹೆಚ್ಚು ಹತ್ತಿರವಾದ ಉದಾಹರಣೆಯೊಂದು ಶಾಫಿಈ ಗ್ರಂಥಗಳಲ್ಲಿದೆ. ಗಾಳಿಗೆ ಹಾರಿ ಬಂದು ನಿಮ್ಮ ಅಂಗಳದಲ್ಲಿ ಬಿದ್ದ ಇನ್ನೊಬ್ಬರ ಬಟ್ಟೆ! ನೀವು ಅದನ್ನು ಕೇಳಿರಲಿಲ್ಲ, ಯಾರೂ ನಿಮ್ಮಲ್ಲಿ ನಂಬಿ ಇಟ್ಟೂ ಇಲ್ಲ. ಆದರೂ ಅದು ನಿಮ್ಮ ಅಂಗಳಕ್ಕೆ ಬಿದ್ದ ಕ್ಷಣದಿಂದ ಅಮಾನತ್ ಆಗುತ್ತದೆ. ಒಡೆಯನಿಗೆ ಕೂಡಲೇ ತಲುಪಿಸಬೇಕು ಅಥವಾ ತಿಳಿಸಬೇಕು. ಕಾರಣವಿಲ್ಲದೆ ತಡಮಾಡಿ ಅದು ಹಾಳಾದರೆ ನಷ್ಟ ತುಂಬುವ ಹೊಣೆ ನಿಮ್ಮದು. ಕಚೇರಿಯ ಕನ್ನಡದಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು ಎಂದಾಗಿದೆ. ನಮ್ಮ ಪಾಲಿಗೆ ಅದರ ಅರ್ಥ, ಇನ್ನೊಬ್ಬರದನ್ನು ನಮ್ಮ ಆಸೆಯಿಂದ ದೂರ ಇಡುವುದು.

‘ನಾನು ಕದ್ದಿಲ್ಲವಲ್ಲ, ತಾನಾಗಿಯೇ ಬಂತು’ ಎಂಬ ಮಾತನ್ನು ದೇಶದ ಕಾನೂನೂ ಒಪ್ಪುವುದಿಲ್ಲ. ಸಿಕ್ಕಿದ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನಿಗೆ, ಅದನ್ನು ಕಾಪಾಡಲು ಒಪ್ಪಿಕೊಂಡವನಷ್ಟೇ ಹೊಣೆಯಿದೆ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. 1860ರ ದಂಡ ಸಂಹಿತೆಯಲ್ಲಿ ಒಂದು ಉದಾಹರಣೆಯೇ ಇತ್ತು: ದಾರಿಯಲ್ಲಿ ಒಂದು ಪತ್ರ ಸಿಗುತ್ತದೆ, ಒಳಗೆ ನೋಟು ಇದೆ, ವಿಳಾಸ ನೋಡಿ ಅದು ಯಾರದೆಂದು ತಿಳಿಯುತ್ತದೆ, ಆದರೂ ಅದನ್ನು ಸ್ವಂತಕ್ಕೆ ಬಳಸಿದವನು ಅಪರಾಧಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಂತಹ ದುರುಪಯೋಗ ಶಿಕ್ಷಾರ್ಹವಾಗಿದೆ.

ಪಾರ್ಸೆಲಿನ ಮೇಲಿನ ಹೆಸರು ಅಬ್ದುಲ್ಲಾ ಎಂದಿರಲಿ, ಶೆಟ್ಟಿ ಎಂದಿರಲಿ, ಡಿಸೋಜ ಎಂದಿರಲಿ, ಇದರಲ್ಲಿ ವ್ಯತ್ಯಾಸವಿಲ್ಲ. ನೆರೆಯವನ ಹಕ್ಕಿಗೆ ಧರ್ಮದ ಬೇಲಿಯಿಲ್ಲ. ಈ ವಿಷಯದಲ್ಲಿ ತಾಯಂದಿರು ವಿಶೇಷ ಗಮನ ಕೊಡಬೇಕು. ಪೆಟ್ಟಿಗೆ ಬಂದೊಡನೆ ಮಗು ಕತ್ತರಿ ತರಲು ಓಡುತ್ತದೆ. ಆಗ ಅದನ್ನು ತಡೆದು, ಮೊದಲು ಹೆಸರನ್ನು ಓದಿಸಿರಿ. ನಮ್ಮದಲ್ಲವೆಂದು ತಿಳಿದರೆ ಮಗುವಿನ ಕೈಯಲ್ಲೇ ಅದನ್ನು ಪಕ್ಕದ ಮನೆಗೆ ಕಳುಹಿಸಿರಿ. ಅಮಾನತ್ ಎಂಬ ಪದದ ಅರ್ಥವನ್ನು ನಾವು ಅಧ್ಯಾಪಕರು ಒಂದು ವರ್ಷ ಕಲಿಸಿದರೂ ಆ ನಾಲ್ಕು ಹೆಜ್ಜೆಗಳಷ್ಟು ಚೆನ್ನಾಗಿ ಕಲಿಸಲಾರೆವು.

ತಂದುಕೊಟ್ಟ ಹುಡುಗನ ಗತಿ

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ನಾನು ದೂರು ಕೊಟ್ಟರೆ ಆ ಹುಡುಗನ ಸಂಬಳದಿಂದ ಹಣ ಕಡಿತವಾದೀತು, ಕೆಲಸವೇ ಹೋದೀತು. ಅವರಲ್ಲಿ ಅನೇಕರಿಗೆ ಪಾರ್ಸೆಲ್ ಒಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ಮಳೆಯಲ್ಲಿ, ಬಿಸಿಲಿನಲ್ಲಿ ಮನೆಯಿಂದ ಮನೆಗೆ ಓಡಬೇಕು. ನನ್ನ ಹಕ್ಕಿಗಾಗಿ ಅವನ ಅನ್ನ ಕಸಿಯುವುದು ಸರಿಯೇ?

ಇದಕ್ಕೆ ಒಂದೇ ವಾಕ್ಯದ ಉತ್ತರವಿಲ್ಲ. ಆದರೆ ಕ್ರಮವೊಂದಿದೆ. ದೂರು ಕೊಡುವ ಮೊದಲು ಹುಡುಕಬೇಕು. ಮನೆಯವರನ್ನು, ನೆರೆಯವರನ್ನು, ಫ್ಲ್ಯಾಟ್ ಆದರೆ ಕಾವಲುಗಾರನನ್ನು ಕೇಳಬೇಕು. ಒಂದೇ ಹೆಸರಿನ ಇನ್ನೊಂದು ಮನೆಗೆ ಹೋಗಿ ವಿಚಾರಿಸಬೇಕು. ಹುಡುಗನ ಫೋನ್ ಸಂಖ್ಯೆ ಇದ್ದರೆ ಅವನಿಗೇ ಸೌಮ್ಯವಾಗಿ ಹೇಳಬೇಕು. ಎಷ್ಟೋ ಪಾರ್ಸೆಲ್‌ಗಳು ಅದೇ ಸಂಜೆ ಸರಿಯಾದ ಮನೆ ಸೇರುವುದು ಇಷ್ಟರಿಂದಲೇ. ಆದರೆ ಹೀಗೆ ಹುಡುಕುತ್ತಾ ಬಹಳ ದಿನ ಕಳೆಯಬಾರದು. ದೂರು ತಡವಾದಷ್ಟೂ ಸತ್ಯ ತಿಳಿಯುವುದು ಕಷ್ಟ.

ಆಮೇಲೂ ಸಿಗದಿದ್ದರೆ ದೂರು ಕೊಡಿರಿ. ನಿಮ್ಮ ವ್ಯವಹಾರ ಇರುವುದು ಮಾರಿದವನೊಂದಿಗೆ, ಹುಡುಗನೊಂದಿಗಲ್ಲ. ತಿಳಿದಷ್ಟನ್ನೇ ಬರೆಯಿರಿ. ‘ವಸ್ತು ನನಗೆ ತಲುಪಿಲ್ಲ’ ಎಂಬುದು ನಿಮಗೆ ತಿಳಿದ ಸತ್ಯ. ‘ಹುಡುಗನು ಕದ್ದಿದ್ದಾನೆ’ ಎಂಬುದು ನಿಮ್ಮ ಗುಮಾನಿ. ಗುಮಾನಿಗಳಲ್ಲಿ ಕೆಲವು ಪಾಪವಾಗಿರುತ್ತವೆಂದು ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸಿದೆ. ಮೊದಲನೆಯದನ್ನು ಬರೆದರೆ ನಿಮ್ಮ ಹಕ್ಕಿಗೆ ಸಾಕು. ಎರಡನೆಯದನ್ನು ಬರೆದರೆ ಒಬ್ಬ ನಿರಪರಾಧಿಯ ಮಾನದ ಲೆಕ್ಕವನ್ನು ನೀವು ಪರಲೋಕದಲ್ಲಿ ಕೊಡಬೇಕಾದೀತು. ವಿಳಾಸವನ್ನು ನೀವೇ ಅರ್ಧ ಬರೆದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿರಿ. ನಮ್ಮ ತಪ್ಪಿನ ಪೂರ್ಣ ನಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೊತ್ತ ಚಿಕ್ಕದಾಗಿದ್ದು, ನಿಮಗೆ ಅನುಕೂಲವಿದ್ದು ನೀವು ಕ್ಷಮಿಸಿದರೆ ಅದು ಪುಣ್ಯದ ಕೆಲಸವೇ. ಕೊಳ್ಳುವಾಗ, ಮಾರುವಾಗ ಮತ್ತು ಹಕ್ಕನ್ನು ಕೇಳುವಾಗ ಮೃದುವಾಗಿರುವವನಿಗೆ ಅಲ್ಲಾಹನ ಕರುಣೆ ಸಿಗಲೆಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದಾರೆ. ಗಮನಿಸಿರಿ, ಹಕ್ಕನ್ನು ಕೇಳುವವನಿಗೂ ಆ ಪ್ರಾರ್ಥನೆಯಲ್ಲಿ ಪಾಲಿದೆ. ಕೇಳಬೇಡ ಎಂದಿಲ್ಲ, ಮೃದುವಾಗಿ ಕೇಳು ಎಂದಿದೆ.

ಹಣವೂ ಬಂತು, ವಸ್ತುವೂ ಬಂತು

ನಿಜವಾದ ಪರೀಕ್ಷೆ ಬರುವುದು ಇಲ್ಲಿ. ನೀವು ಸತ್ಯವನ್ನೇ ಹೇಳಿ ಹಣ ಮರಳಿ ಪಡೆದಿರಿ. ಹತ್ತು ದಿನ ಕಳೆದು ಊರಿನಿಂದ ಮರಳಿದ ನೆರೆಮನೆಯವರು, ಇದು ನಿಮ್ಮದಂತೆ ಎಂದು ಪಾರ್ಸೆಲ್ ತಂದು ಕೊಡುತ್ತಾರೆ. ಈಗ ನಿಮ್ಮ ಒಂದು ಕೈಯಲ್ಲಿ ಬೆಲೆ, ಇನ್ನೊಂದು ಕೈಯಲ್ಲಿ ವಸ್ತು. ನೀವು ಯಾವ ಸುಳ್ಳನ್ನೂ ಹೇಳಿಲ್ಲ. ಕಂಪೆನಿ ಆ ಲೆಕ್ಕವನ್ನು ಮುಚ್ಚಿಬಿಟ್ಟಿದೆ. ಯಾರೂ ಕೇಳುವವರಿಲ್ಲ. ಅಂದು ಹೇಳಿದ ಸತ್ಯ ಇಂದಿನ ಮೌನವನ್ನು ಹಲಾಲ್ ಮಾಡುವುದೇ?

ಹಿಂದಿನ ಸಮುದಾಯದ ಇಬ್ಬರ ಕಥೆಯನ್ನು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಒಬ್ಬನು ಇನ್ನೊಬ್ಬನಿಂದ ಭೂಮಿ ಕೊಂಡನು. ಅಗೆದಾಗ ಚಿನ್ನ ತುಂಬಿದ ಕೊಡವೊಂದು ಸಿಕ್ಕಿತು. ಅದನ್ನು ಮಾರಿದವನ ಬಳಿಗೆ ಒಯ್ದು, ತಾನು ಕೊಂಡದ್ದು ಭೂಮಿಯನ್ನೇ ಹೊರತು ಚಿನ್ನವನ್ನಲ್ಲ ಎಂದನು. ಮಾರಿದವನೂ ಅದನ್ನು ಮುಟ್ಟಲಿಲ್ಲ. ಭೂಮಿಯೊಂದಿಗೆ ಅದರಲ್ಲಿದ್ದುದನ್ನೂ ಮಾರಿಬಿಟ್ಟಿದ್ದೇನೆ ಎಂದನು. ಕೊನೆಗೆ ತೀರ್ಪುಗಾರನೊಬ್ಬನು ಒಬ್ಬನ ಮಗನಿಗೆ ಇನ್ನೊಬ್ಬನ ಮಗಳನ್ನು ವಿವಾಹ ಮಾಡಿಸಿ, ಅದರಿಂದ ಅವರಿಗೂ ದಾನಕ್ಕೂ ಖರ್ಚು ಮಾಡಿಸಿದನು. ಜಗತ್ತಿನ ನ್ಯಾಯಾಲಯಗಳು ‘ಇದು ನನ್ನದು’ ಎನ್ನುವವರಿಂದ ತುಂಬಿವೆ. ಇಲ್ಲಿ ಇಬ್ಬರು ‘ಇದು ನನ್ನದಲ್ಲ’ ಎಂದು ವ್ಯಾಜ್ಯ ಹೂಡಿದ್ದಾರೆ!

ಆದುದರಿಂದ ಪಾರ್ಸೆಲ್ ಬಂದ ದಿನವೇ ಕಂಪೆನಿಗೆ ಬರೆದು ತಿಳಿಸಿರಿ. ವಸ್ತುವನ್ನು ಒಯ್ಯುತ್ತೀರಾ ಅಥವಾ ಹಣ ಮರಳಿಸಲೇ ಎಂದು ಕೇಳಿರಿ. ನೀವೇ ಇಟ್ಟುಕೊಳ್ಳಿ ಎಂದು ಅವರು ತಿಳಿದೂ ಬರೆದರೆ ಅದು ಅವರ ಕೊಡುಗೆ, ಸಂತೋಷದಿಂದ ಬಳಸಿರಿ. ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ. ಪೆಟ್ಟಿಗೆಯ ಮೇಲೆ ಮಾರಾಟಗಾರನ ವಿಳಾಸವಿದ್ದರೆ ಅವನಿಗೂ ತಿಳಿಸಿರಿ. ಎಲ್ಲ ದಾರಿಗಳೂ ಮುಚ್ಚಿದವು ಎಂದಾದಾಗ ನಿಮ್ಮ ಊರಿನ ಖತೀಬರಲ್ಲೋ ತಿಳಿದ ಆಲಿಮರಲ್ಲೋ ವಿಚಾರಿಸಿ ಅವರು ಹೇಳಿದಂತೆ ನಡೆಯಿರಿ. ಒಡೆಯನಿಗೆ ತಲುಪಿಸಲು ಸಾಧ್ಯವೇ ಇಲ್ಲದ ಸೊತ್ತನ್ನು ಅವನ ಹೆಸರಿನಲ್ಲಿ ಬಡವರಿಗೆ ನೀಡಬೇಕೆಂಬ ವಿದ್ವಾಂಸರ ಅಭಿಪ್ರಾಯವೊಂದಿದೆ. ಆದರೆ ಕಂಪೆನಿಗೆ ಎರಡು ಸಾಲು ಬರೆಯುವ ತೊಂದರೆಯನ್ನೂ ತೆಗೆದುಕೊಳ್ಳದೆ ನೇರವಾಗಿ ದಾನಕ್ಕೆ ಹೊರಡುವುದು ಆ ಅಭಿಪ್ರಾಯದ ದುರುಪಯೋಗವಾಗುತ್ತದೆ.

ಕಂಪೆನಿಯವರಿಗೆ ಹೀಗೆ ಬರೆದರೆ ಅವರು ನಕ್ಕಾರು ಎಂದು ಕೆಲವರು ಹೇಳಬಹುದು. ನಗಲಿ. ಆ ಪತ್ರವನ್ನು ಓದುವವನು ಎಲ್ಲೋ ದೂರದ ಊರಿನಲ್ಲಿ ಕುಳಿತು ದಿನವಿಡೀ ದೂರು, ಬೈಗುಳ ಮತ್ತು ಸುಳ್ಳುಗಳನ್ನು ಓದುತ್ತಿರುವ ಒಬ್ಬ ಮನುಷ್ಯನಾಗಿರಬಹುದು. ಹೆಚ್ಚಿಗೆ ಬಂದ ಹಣವನ್ನು ಎಲ್ಲಿಗೆ ಕಳುಹಿಸಲಿ ಎಂದು ಕೇಳುವ ಒಂದು ಪತ್ರ, ಅದರ ಕೆಳಗೆ ಒಬ್ಬ ಮುಸ್ಲಿಮನ ಹೆಸರು. ನಮ್ಮ ಧರ್ಮದ ಬಗ್ಗೆ ಅವನಿಗೆ ನಾವು ಕೊಡಬಹುದಾದ ಪುಸ್ತಕ ಬಹುಶಃ ಅಷ್ಟೇ.

ವ್ಯಾಪಾರದಲ್ಲಿ ಇಬ್ಬರೂ ಸತ್ಯ ನುಡಿದು ಎಲ್ಲವನ್ನೂ ಸ್ಪಷ್ಟಪಡಿಸಿದರೆ ಅದರಲ್ಲಿ ಬರಕತ್ ಇದೆ, ಸುಳ್ಳು ಹೇಳಿ ಮುಚ್ಚಿಟ್ಟರೆ ಆ ಬರಕತ್ ಅಳಿಸಿಹೋಗುತ್ತದೆ ಎಂದು ನಮಗೆ ಕಲಿಸಲಾಗಿದೆ. ಬರಕತ್ ಎಂಬುದು ಯಾವ ಬ್ಯಾಂಕಿನ ಪುಸ್ತಕದಲ್ಲೂ ನಮೂದಾಗುವುದಿಲ್ಲ. ಸುಳ್ಳು ಹೇಳಿ ಪಡೆದ ಎರಡು ಸಾವಿರವೂ ಸತ್ಯ ಹೇಳಿ ಪಡೆದ ಎರಡು ಸಾವಿರವೂ ಅಲ್ಲಿ ಒಂದೇ ರೀತಿ ಕಾಣುತ್ತವೆ. ಅವೆರಡೂ ಬೇರೆ ಬೇರೆಯಾಗಿ ಬರೆಯಲ್ಪಡುವ ಪುಸ್ತಕ ಇನ್ನೊಂದಿದೆ. ನಿಮ್ಮ ಹಕ್ಕನ್ನು ಕೇಳಿರಿ, ಅಂಜದೆ ಕೇಳಿರಿ, ಕೊನೆಯ ಪೈಸೆಯ ತನಕ ಕೇಳಿರಿ. ಆದರೆ ಆ ಇನ್ನೊಂದು ಪುಸ್ತಕವನ್ನು ಎದುರಿಗೆ ತೆರೆದಿಟ್ಟುಕೊಂಡೇ ಕೇಳಿರಿ.